ಬೆಂಚಿನ ಮೇಲೆ ಇಲ್ಲದವರು

ನ್ಯಾಮತಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇತ್ತು. ಮುಂದೆ ಗಿರಣಿ, ನಡುವೆ ಒಂದು ಗೋಡೆ, ಹಿಂದೆ ನಮ್ಮ ಮನೆ. ಮೋಟಾರು ಹಾಕಿದರೆ ಮನೆಯೆಲ್ಲ ಸಣ್ಣಗೆ ನಡುಗುತ್ತಿತ್ತು. ಹಲಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಕೊಡದ ನೀರಿನ ಮೇಲೆ ಉಂಗುರಗಳು ಏಳುತ್ತಿದ್ದವು. ನನ್ನ ಹೆಂಡತಿ ಜಗಳೂರು ಕಡೆಯವಳು. ಮದುವೆಯಾಗಿ ಬಂದ ಹೊಸದರಲ್ಲಿ, ನಮ್ಮೂರಲ್ಲಿ ನೆಲ ಗಟ್ಟಿ, ನಿಮ್ಮೂರಲ್ಲಿ ಮನೆಗೇ ಚಳಿಜ್ವರ ಎಂದು ನಗುತ್ತಿದ್ದಳು. ಆಮೇಲೆ ಅವಳಿಗೂ ರೂಢಿಯಾಯಿತು.

ಆ ರೂಢಿಯಿಂದಲೇ ಅವಳ ಕೈ ನಡುಗುವುದು ಬಹಳ ದಿನ ನಮಗೆ ಕಾಣಲಿಲ್ಲ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಮಧ್ಯಾಹ್ನ ಅವಳು ತಟ್ಟೆಯಲ್ಲಿ ಮಜ್ಜಿಗೆ ಲೋಟ ಇಟ್ಟುಕೊಂಡು ಗಿರಣಿಯ ಬಾಗಿಲಿಗೆ ಬಂದಿದ್ದಳು. ಅಷ್ಟರಲ್ಲಿ ಕರೆಂಟು ಹೋಯಿತು. ಮೋಟಾರು ನಿಂತಿತು, ಬೆಲ್ಟು ನಿಂತಿತು, ಒಳಗೆ ಪಾತ್ರೆಗಳು ಸುಮ್ಮನಾದವು. ಅವಳ ಎಡಗೈಯ ತಟ್ಟೆಯಲ್ಲಿದ್ದ ಲೋಟ ಮಾತ್ರ ಟಕಟಕ ಎನ್ನುತ್ತಲೇ ಇತ್ತು. ಜೋಳ ಬೀಸಿಸಲು ಬಂದಿದ್ದ ಹೆಂಗಸೊಬ್ಬಳು, "ಏನ್ ತಾಯೀ, ಕರೆಂಟು ಹೋದ್ರೂ ನಿಮ್ಮ ಗಿರಣಿ ನಿಂತಿಲ್ಲ" ಎಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಕ್ಕು ತಟ್ಟೆಯನ್ನು ಹಿಟ್ಟಿನ ಡಬ್ಬದ ಮೇಲಿಟ್ಟು ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಆಗ ಅವಳಿಗೆ ನಲವತ್ತು ದಾಟಿತ್ತು, ಅಷ್ಟೇ. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ನಾವಿಬ್ಬರೇ.

ಹೊನ್ನಾಳಿಯ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಅವಳನ್ನು ನಡೆಸಿ ನೋಡಿದರು, ಬೆರಳು ಮಡಿಸಿ ಬಿಡಿಸಿ ನೋಡಿದರು, ದಾವಣಗೆರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಪಾರ್ಕಿನ್ಸನ್ ಎಂದರು. ನಮ್ಮ ಮುಖ ನೋಡಿ, ಅದುರುವಾಯು ಅಂತಾರಲ್ಲ ಅದೇ ಎಂದು ಬಿಡಿಸಿ ಹೇಳಿದರು. ಇದು ವಾಸಿಯಾಗುವುದಿಲ್ಲ, ಆದರೆ ಮಾತ್ರೆ ಇದೆ, ಕೊಲ್ಲುವ ಕಾಯಿಲೆಯೂ ಅಲ್ಲ, ನಿಧಾನಕ್ಕೆ ಹೋಗುತ್ತದೆ ಎಂದರು. ಮಾತ್ರೆ ಮೊದಮೊದಲು ಚೆನ್ನಾಗಿಯೇ ಕೆಲಸ ಮಾಡಿತು. ಬರುಬರುತ್ತಾ ಬೆಳಗಿನ ಮಾತ್ರೆಯ ಬಲ ಮಧ್ಯಾಹ್ನದವರೆಗೆ ಬರುತ್ತಿರಲಿಲ್ಲ. ಹೆಚ್ಚು ಕೊಟ್ಟರೆ ವಾಂತಿ. ಹೀಗೆ ಕೆಲವು ವರ್ಷ ಕಳೆದೆವು. ಅವಳಿಗೆ ರೊಟ್ಟಿ ಬಡಿಯಲು ಆಗದಾಯಿತು. ಗಿರಣಿಯವನ ಮನೆಯಲ್ಲಿ ರೊಟ್ಟಿ ಇಲ್ಲ ಎಂದು ಊರಲ್ಲಿ ತಮಾಷೆ ಮಾಡಿದರು. ನಾನು ಅನ್ನ ಮಾಡುವುದನ್ನು ಕಲಿತೆ. ಅದಕ್ಕೆಲ್ಲ ಅವಳು ಅಷ್ಟಾಗಿ ಕೊರಗಲಿಲ್ಲ.

ಅವಳು ಕೊರಗಿದ್ದು ಲಿಂಗಪೂಜೆಗೆ.

ನಮ್ಮಲ್ಲಿ ಕೊರಳಲ್ಲಿ ಕಟ್ಟಿಕೊಂಡ ಇಷ್ಟಲಿಂಗವನ್ನು ದಿನವೂ ಬಿಚ್ಚಿ ಎಡಗೈ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತೇವೆ. ನಾನು ಅವಸರದ ಮನುಷ್ಯ. ನೀರು ಹಾಕಿ, ವಿಭೂತಿ ಹಚ್ಚಿ, ಕಣ್ಣಿಗೊತ್ತಿಕೊಂಡು ಗಿರಣಿಗೆ ಓಡುತ್ತಿದ್ದೆ. ಅವಳದು ಹಾಗಲ್ಲ. ಕಣ್ಣು ಮಿಟುಕಿಸದೆ ಅಂಗೈಯನ್ನೇ ನೋಡುತ್ತ ಕೂರುತ್ತಿದ್ದಳು. ಆ ಹೊತ್ತಿನಲ್ಲಿ ನಾನು ಕರೆದರೂ ಓಗೊಡುತ್ತಿರಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಅದು ಅವಳದೇ ಆದ ಹೊತ್ತು ಎಂದು ನಾನೂ ಸುಮ್ಮನಿರುತ್ತಿದ್ದೆ.

ಒಂದು ಬೆಳಿಗ್ಗೆ ಲಿಂಗ ಅವಳ ಅಂಗೈಯಿಂದ ಜಾರಿ ಬಿತ್ತು. ಕಲ್ಲುಹಾಸಿನ ಮೇಲೆ ಉರುಳಿ ಒಲೆಯ ಹತ್ತಿರ ಹೋಗಿ ನಿಂತಿತು. ಅವಳು ಅಳಲಿಲ್ಲ. ಎತ್ತಿಕೊಟ್ಟರೂ ಮುಟ್ಟಲಿಲ್ಲ. ನಮ್ಮ ಮನೆಗೆ ಬರುವ ಅಯ್ಯನವರಿಗೆ ಹೇಳಿಕಳಿಸಿದೆ. ಅವರು ಬರುವವರೆಗೆ ಅವಳು ನೀರೂ ಕುಡಿಯಲಿಲ್ಲ. ಅಯ್ಯನವರು ವಯಸ್ಸಾದವರು, ಮೆತ್ತನೆಯ ಮಾತಿನವರು. ಮಾಡುವ ಶಾಸ್ತ್ರ ಮಾಡಿ ಲಿಂಗವನ್ನು ಮತ್ತೆ ಕಟ್ಟಿದರು. ಇನ್ನು ಮೇಲೆ ತಟ್ಟೆಯಲ್ಲಿಟ್ಟು ಪೂಜೆ ಮಾಡು ತಾಯಿ, ರೋಗ ಬಂದವರಿಗೆ ಅಡ್ಡಿಯಿಲ್ಲ ಎಂದರು. ಅವಳು ಅವರೆದುರಿಗೆ ಹೂಂ ಎಂದಳು. ಅವರು ಹೋದ ಮೇಲೆ ನನಗೆ ಹೇಳಿದಳು, "ಅಂಗೈಯಾಗೆ ಇದ್ರೆ ಅದು ಪೂಜೆ. ತಟ್ಟೆಯಾಗಿಟ್ರೆ ಬರೇ ಸಾಮಾನು ತೊಳದಂಗೆ."

ಅವತ್ತಿನಿಂದ ಅವಳಿಗೆ ಬೇಕಾಗಿದ್ದು ಒಂದೇ. ಕಾಯಿಲೆ ಹೋಗಲಿ ಎಂದಲ್ಲ. ರೊಟ್ಟಿ ಬಡಿಯಬೇಕು, ನೀರು ಸೇದಬೇಕು ಎಂದಲ್ಲ. ದಿನಕ್ಕೊಂದು ಸಲ, ಪೂಜೆ ಮುಗಿಯುವಷ್ಟು ಹೊತ್ತು, ಎಡಗೈ ಅಲುಗದೆ ನಿಲ್ಲಬೇಕು.

ಆ ವರ್ಷ ಜಗಳೂರಿಗೆ ಅವಳ ಅಣ್ಣನ ಮನೆಗೆ ಹೋಗಿದ್ದೆವು. ತವರಲ್ಲಿ ಅವಳಿಗಿದ್ದವನು ಅವನೊಬ್ಬನೇ. ಅವನಿಗೆ ಅವಳನ್ನು ಕಂಡರೆ ಜೀವ. ಅವನು ಚನ್ನಗಿರಿಗೆ ವಾರಕ್ಕೊಂದು ದಿನ ಬರುವ ಡಾಕ್ಟರೊಬ್ಬರ ಸುದ್ದಿ ಹಿಡಿದುಕೊಂಡು ಕೂತಿದ್ದ. ಹೊರದೇಶದಲ್ಲಿ ಕಲಿತು ಬಂದವರಂತೆ. ಇನ್ನೂ ಹುಟ್ಟದ ಕುರಿಮರಿಯ ಮೆದುಳಿನಿಂದ ಜೀವಕೋಶ ತೆಗೆದು ಇಂಜೆಕ್ಷನ್ ಮಾಡುತ್ತಾರಂತೆ. ಲಕ್ವ ಹೊಡೆದವರು ಎದ್ದಿದ್ದಾರೆ, ನಡುಗುವವರ ಕೈ ನಿಂತಿದೆ ಎಂದ. ನನ್ನ ಹೆಂಡತಿ ಕೇಳುತ್ತ ಕೂತಿದ್ದವಳು ಕುರಿಮರಿ ಎಂದ ಕೂಡಲೇ ಮುಖ ಬೇರೆ ಕಡೆ ಮಾಡಿದಳು.

ಆ ಮನೆಯ ಪಕ್ಕದಲ್ಲೇ ಕುರಿಯವರ ಹಟ್ಟಿ. ಚಿಕ್ಕವಳಿದ್ದಾಗ ಅವಳು ಮರಿಗಳನ್ನು ಎತ್ತಿಕೊಂಡೇ ಬೆಳೆದವಳು. ಜಗಲಿಯ ಮೇಲೆ ಕೂತಿದ್ದ ಹಟ್ಟಿಯ ಹೆಂಗಸು, ಅವಳ ಬಾಲ್ಯದ ಗೆಳತಿ, ಈ ಮಾತು ಕೇಳಿ ತಲೆಯಾಡಿಸಿದಳು.

"ಆ ಡಾಕ್ಟ್ರ ಕಡೆಯೋರು ಜೀಪ್ ತಗಂಡು ಬರ್ತಾರೆ ಯಕ್ಕಾ, ಗಬ್ಬದ ಕುರಿ ಕೊಡ್ರಿ ಅಂತಾರೆ. ಗಬ್ಬ ಆಗಿರೋ ಗಟ್ಟಿ ಕುರೀನ ಯಾರು ಕೊಡ್ತಾರೆ? ಕೆಮ್ಮೋದು, ಕುಂಟೋದು, ಇವತ್ತೋ ನಾಳೆನೋ ಅನ್ನೋದು ಇದ್ರೆ ಹೊಡಕಂಡು ಹೋಗ್ರಿ ಅಂತೀವಿ. ಅವ್ರಿಗೆ ಅದೂ ಆಗುತ್ತೆ."

ಈ ಮಾತನ್ನು ನಾವು ಮೂವರೂ ಕೇಳಿದೆವು. ನಮ್ಮ ಕಿವಿಗೆ ಬಿದ್ದದ್ದು ಗಬ್ಬದ ಕುರಿ ಎಂಬುದು. ಅದು ಪಾಪವೇ, ಅದನ್ನು ಮೈಗೆ ಹಾಕಿಸಿಕೊಂಡರೆ ಲಿಂಗ ಕಟ್ಟಿದವರಿಗೆ ಮೈಲಿಗೆಯೇ ಎಂದು ಕತ್ತಲಾಗುವವರೆಗೆ ಮಾತಾಡಿದೆವು. ಕೆಮ್ಮುವ ಕುರಿ, ಕುಂಟುವ ಕುರಿ ಎಂದಿದ್ದಳಲ್ಲ, ಅದನ್ನು ಯಾರೂ ಎತ್ತಲಿಲ್ಲ. ಹುಷಾರಿಲ್ಲದ ಕುರಿಯಿಂದ ಮಾಡಿದ ಔಷಧಿ ಹುಷಾರಿಲ್ಲದ ಹೆಂಗಸಿಗೆ ಏನು ಮಾಡೀತು ಎಂದು ಕೇಳುವುದು ಹೊಳೆಯಲೇ ಇಲ್ಲ.

ನ್ಯಾಮತಿಗೆ ಬಂದ ಮೇಲೂ ಅದೇ ಚರ್ಚೆ. ನನ್ನ ಕಡೆಯ ಹಿರಿಯರೊಬ್ಬರು ಬೇಡವೇ ಬೇಡ ಎಂದರು. ಇನ್ನೊಬ್ಬರು ಕಾಡ್‌ಲಿವರ್ ಎಣ್ಣೆ ಕುಡಿಯುತ್ತೀರಲ್ಲ, ಅದು ಮೀನಲ್ಲವೇ ಎಂದರು. ಗಿರಣಿಗೆ ಬಂದವರು ಹಿಟ್ಟು ಮರೆತು ವಾದಕ್ಕೆ ನಿಲ್ಲುತ್ತಿದ್ದರು. ಅವಳು ಒಳಗಿನಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಊಟಕ್ಕೆ ಕೂತಾಗ, "ನಾಳೆ ನಾನು ಬ್ಯಾ ಅಂದ್ರೆ ಹೆದರಬ್ಯಾಡ್ರಿ, ಸ್ವಲ್ಪ ಸೊಪ್ಪು ಹಾಕ್ರಿ" ಎಂದಳು. ಆಗ ನನಗೆ ತಿಳಿಯಿತು, ಅವಳು ಮನಸ್ಸಿನಲ್ಲಿ ಹೊರಟು ನಿಂತಿದ್ದಾಳೆ, ಒಬ್ಬರ ಮಾತು ಮಾತ್ರ ಬಾಕಿ ಇದೆ ಎಂದು.

ಆ ಒಬ್ಬರು ಅಯ್ಯನವರು. ಅವರ ಮನೆಗೇ ಹೋದೆವು. ಅವರು ಎಲ್ಲ ಕೇಳಿದರು. ಅವಳ ಕೈಯನ್ನು ನೋಡಿದರು. ಅದು ತೊಡೆಯ ಮೇಲೆ ತನ್ನಷ್ಟಕ್ಕೆ ತಾನು ಅದುರುತ್ತಿತ್ತು.

"ಬಾಯಿಗೆ ಹೋದ್ರೆ ಊಟ. ಸೂಜಿಯಾಗೆ ಹೋಗೋದು ಔಷಧ. ಔಷಧಕ್ಕೆ ಮೈಲಿಗೆ ಇಲ್ಲ. ಲಿಂಗ ಹಿಡಿಯಾಕೆ ಅಂತ ತಗಳ್ತೀಯಲ್ಲ, ತಗಾ ತಾಯಿ" ಎಂದರು.

ಮನಸ್ಸು ಎಷ್ಟು ಹಗುರವಾಯಿತೆಂದರೆ, ದಾರಿಯಲ್ಲಿ ಬರುವಾಗ ಅವಳು ಎಂದಿಗಿಂತ ನೆಟ್ಟಗೆ ನಡೆದಳು. ವಾದ ಮಾಡಿದ್ದವರೆಲ್ಲ ಒಪ್ಪಿದರು. ಬೇಡ ಎಂದಿದ್ದ ಹಿರಿಯರೂ, ಅಯ್ಯನವರೇ ಹೇಳಿದ ಮೇಲೆ ಇನ್ನೇನು ಎಂದರು. ಈಗ ಯೋಚಿಸಿದರೆ, ಕೇಳಬೇಕಾದ ಎಲ್ಲ ಪ್ರಶ್ನೆಗಳನ್ನೂ ನಾವು ಆ ಒಂದರಲ್ಲೇ ಕೇಳಿ ಮುಗಿಸಿದ್ದೆವು. ಅಯ್ಯನವರ ತಪ್ಪಿಲ್ಲ. ಅವರಿಗೆ ಗೊತ್ತಿದ್ದನ್ನು ಕೇಳಿದೆವು, ಅವರು ಗೊತ್ತಿದ್ದನ್ನು ಹೇಳಿದರು. ಸೂಜಿ ಮೈಯೊಳಗೆ ಹೋದ ಮೇಲೆ ಏನಾಗುತ್ತದೆ ಎಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಆದರೂ ಅದಕ್ಕೂ ಅಪ್ಪಣೆ ಸಿಕ್ಕಂತೆ ನಮಗೆಲ್ಲ ಧೈರ್ಯ ಬಂತು.

ಆ ಮಾತು ಎತ್ತಿದವರು ಒಬ್ಬರಿದ್ದರು. ಹೊನ್ನಾಳಿಯ ಡಾಕ್ಟರು. ಮಾತ್ರೆ ಬರೆಸಿಕೊಳ್ಳಲು ಹೋದಾಗ ಅವಳೇ ಹೇಳಿದಳು, ಹೀಗೆ ಹೀಗೆ ಇಂಜೆಕ್ಷನ್ ಹಾಕಿಸಿಕೊಳ್ಳುತ್ತೇನೆ ಎಂದು. ಅವರು ಪೆನ್ನು ಕೆಳಗಿಟ್ಟರು.

"ಹುಚ್ಚುನಾಯಿ ಕಚ್ಚಿದೋರಿಗೆ ಹೊಟ್ಟೆ ಸುತ್ತ ಸೂಜಿ ಹಾಕ್ತೀವಲ್ಲಮ್ಮ, ಅದೂ ಕುರಿ ಮೆದುಳಿಂದೇ ಮಾಡೋದು. ಬಹಳ ಜನಕ್ಕೆ ಏನೂ ಆಗಲ್ಲ. ಎಲ್ಲೋ ಒಬ್ಬರಿಗೆ ಕಾಲು ಹೋಗಿಬಿಡುತ್ತೆ. ನಾನೇ ಒಬ್ಬರನ್ನ ನೋಡೀನಿ. ಹೊರಗಿನ ಮೆದುಳು ಒಳಗೆ ಬಂತು ಅಂತ ಮೈ ಅದರ ಮೇಲೆ ಜಗಳಕ್ಕೆ ಬೀಳುತ್ತೆ, ಆಮೇಲೆ ತನ್ನ ನರದ ಮೇಲೇ ತಿರುಗಿ ಬೀಳುತ್ತೆ. ಆದ್ರೂ ಹಾಕ್ತೀವಿ. ಯಾಕಂದ್ರೆ ಹಾಕದಿದ್ರೆ ಸಾವೇ. ನಿಮಗೆ ಹಂಗಿಲ್ಲ. ನಿಮಗಿರೋದು ನಡುಕ."

ಅವಳು ತಲೆ ತಗ್ಗಿಸಿಕೊಂಡು ಕೇಳಿದಳು. ಆಮೇಲೆ, "ಬರೇ ಬದುಕಿದ್ರೆ ಸಾಕು ಅಂದ್ರೆ ನೀವು ಹೇಳೋದು ಸರಿ ಡಾಕ್ಟ್ರೇ. ನಂಗೆ ಈ ಕೈ ನಿಲ್ಲಬೇಕು" ಎಂದಳು.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಅವಳ ಕಡೆ ನೋಡಿದೆ. ಕೊನೆಗೆ ಅವರು, ಬೇಡ ಎಂದರೆ ನೀವು ಕೇಳುವುದಿಲ್ಲ, ಆದರೆ ಹಾಕಿಸಿಕೊಳ್ಳುವ ಮುಂಚೆ ಒಂದು ವಿಚಾರಿಸಿ, ಇದನ್ನು ತೆಗೆದುಕೊಂಡವರು ಒಂದು ವರ್ಷದ ಮೇಲೆ ಹೇಗಿದ್ದಾರೆ ಎಂದು ಕೇಳಿ ಎಂದರು. ನಾವು ಹಾಗೇ ಮಾಡುತ್ತೇವೆ ಎಂದೆವು. ಮಾಡಿದೆವು ಕೂಡ. ಅದನ್ನೇ ಈಗ ಹೇಳಬೇಕು.

ಹೊನ್ನಾಳಿಯಿಂದ ಸಾಸ್ವೆಹಳ್ಳಿ, ಬಸವಾಪಟ್ಟಣದ ಮೇಲೆ ಚನ್ನಗಿರಿಗೆ ಬಸ್ಸು. ಅವಳಿಗೆ ಕಿಟಕಿ ಪಕ್ಕ ಜಾಗ ಹಿಡಿದೆ. ಬಸ್ಸಿನಲ್ಲಿ ಎಲ್ಲರೂ ಅಲುಗಾಡುತ್ತಿರುತ್ತಾರಾದ್ದರಿಂದ ಅವಳಿಗೆ ಬಸ್ಸೆಂದರೆ ಇಷ್ಟ. ಇಲ್ಲಿ ಯಾರೂ ನನ್ನ ಕೈ ನೋಡಲ್ಲ ಎನ್ನುತ್ತಿದ್ದಳು. ಡಾಕ್ಟರ ಕೋಣೆ ಒಂದು ಅಂಗಡಿಯ ಮಹಡಿ ಮೇಲಿತ್ತು. ಮೆಟ್ಟಿಲು ಹತ್ತಿದರೆ ಒಂದು ಹಜಾರ, ಗೋಡೆಗುಂಟ ಉದ್ದನೆಯ ಮರದ ಬೆಂಚು. ಕಾಂಪೌಂಡರ್ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದ.

ಬೆಂಚಿನ ಮೇಲೆ ನಗು ಮಾತು ಚೆನ್ನಾಗಿ ನಡೆದಿತ್ತು. ಕಾಯಿಲೆಯವರು ಒಂದು ಕಡೆ ಸೇರಿದರೆ ಆಗುವ ಸಲಿಗೆ. ಒಬ್ಬರು, ಈ ಸೂಜಿ ಹಾಕಿಸಿಕೊಂಡ ಮೇಲೆ ಹಸಿರು ಹುಲ್ಲು ಕಂಡರೆ ಬಾಯಲ್ಲಿ ನೀರು ಬರುತ್ತದೆ ಎಂದರು. ಇನ್ನೊಬ್ಬರು, ನಮ್ಮ ಮನೆಯಾಕೆಗೆ ನಾನು ಮೊದಲಿಂದಲೂ ಕುರಿಯೇ ಎಂದರು. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಷ್ಟು ನಕ್ಕಿದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು.

ಡಾಕ್ಟರು ಮರ್ಯಾದಸ್ಥರು. ಮೋಸಗಾರರಂತೆ ನನಗೆ ಅಂದೂ ಕಾಣಲಿಲ್ಲ, ಇಂದೂ ಹಾಗೆ ಹೇಳಲಾರೆ. ಅವರು ನಂಬಿಯೇ ಮಾಡುತ್ತಿದ್ದರು. ಮೆದುಳಿನಲ್ಲಿ ಕೆಲವು ಕೋಶಗಳು ಸತ್ತಿವೆ, ಎಳೆಯ ಕೋಶಗಳನ್ನು ಮೈಗೆ ಹಾಕಿದರೆ ಅವು ತಾವಾಗಿ ಆ ಜಾಗ ಹುಡುಕಿಕೊಂಡು ಹೋಗಿ ಕೂರುತ್ತವೆ ಎಂದು ಚಿತ್ರ ಬರೆದು ತೋರಿಸಿದರು. ಈಗ ಪತ್ರಿಕೆಯಲ್ಲಿ ಸ್ಟೆಮ್ ಸೆಲ್, ಕಾಂಡಕೋಶ ಚಿಕಿತ್ಸೆ ಎಂದು ಬರುತ್ತದೆ. ಅದು ಬೇರೆ, ಇದು ಬೇರೆ ಎಂದು ತಿಳಿದವರು ಹೇಳಿದರು. ಇರಬಹುದು. ನಾನು ಓದಿದವನಲ್ಲ. ಆದರೆ ಜಾಹೀರಾತಿನಲ್ಲಿ ಎಳೆಯ ಕೋಶ ಕೆಟ್ಟ ಜಾಗಕ್ಕೆ ಹೋಗಿ ಕೂರುವ ಆ ಚಿತ್ರ ನೋಡಿದಾಗ ಪತ್ರಿಕೆ ಮಡಿಸಿಡುತ್ತೇನೆ.

ಅವಳು ಮರೆಯದೆ ಕೇಳಿದಳು. ತೆಗೆದುಕೊಂಡವರು ವರ್ಷದ ಮೇಲೆ ಹೇಗಿದ್ದಾರೆ ಎಂದಳು. ಡಾಕ್ಟರಿಗೆ ಬೇಸರವಾಗಲಿಲ್ಲ. ಬಾಗಿಲ ಪರದೆ ಸರಿಸಿ ಬೆಂಚಿನ ಕಡೆ ಕೈ ತೋರಿದರು. "ನಾನು ಹೇಳುವುದು ಬೇಡ. ಅವರನ್ನೇ ಕೇಳಿ. ಎಲ್ಲರೂ ಅಲ್ಲೇ ಕೂತಿದ್ದಾರೆ" ಎಂದರು.

ಕೇಳಿದೆವು. ಒಬ್ಬ ನಿವೃತ್ತ ಮೇಷ್ಟ್ರು, ಮೊದಲು ಇಬ್ಬರು ಹಿಡಿದುಕೊಂಡು ಬರುತ್ತಿದ್ದರು, ಈಗ ಒಬ್ಬನೇ ಹತ್ತುತ್ತೇನೆ ಎಂದು ಮೆಟ್ಟಿಲು ತೋರಿಸಿದರು. ಒಬ್ಬ ಹೆಂಗಸು ನಿದ್ದೆ ಚೆನ್ನಾಗಿ ಬರುತ್ತದೆ ಎಂದಳು. ಕೆಟ್ಟದ್ದಾಯಿತು ಎಂದವರು ಒಬ್ಬರೂ ಇರಲಿಲ್ಲ. ಹೊನ್ನಾಳಿ ಡಾಕ್ಟರು ಹೇಳಿದ್ದನ್ನು ನಾವು ಸರಿಯಾಗಿ ವಿಚಾರಿಸಿದ್ದೇವೆ ಎಂದು ನನಗೆ ಸಮಾಧಾನವಾಯಿತು. ಆ ಬೆಂಚಿನ ಮೇಲೆ ಬಂದು ಕೂರಬಲ್ಲವರು ಮಾತ್ರ ಆ ಬೆಂಚಿನ ಮೇಲೆ ಕೂತಿರುತ್ತಾರೆ ಎಂಬುದು, ಇಷ್ಟು ಸಣ್ಣ ಮಾತು, ಆಗ ತಲೆಗೆ ಹೋಗಲಿಲ್ಲ.

ಸೊಂಟಕ್ಕೆ ಇಂಜೆಕ್ಷನ್ ಹಾಕಿದರು. ಆ ರಾತ್ರಿ ಸ್ವಲ್ಪ ಮೈ ಬೆಚ್ಚಗಾಯಿತು, ಹಾಕಿದ ಜಾಗ ಗಟ್ಟಿಯಾಯಿತು, ಅಷ್ಟೇ. ಒಂದು ವಾರ ಏನೂ ಇಲ್ಲ. ಆಮೇಲೊಂದು ಬೆಳಿಗ್ಗೆ ಅವಳು ನನ್ನನ್ನು ಕರೆದಳು. ಪೂಜೆಗೆ ಕೂತಿದ್ದಳು. ಲಿಂಗ ಅಂಗೈಯಲ್ಲಿತ್ತು. ಕೈ ಪೂರ್ತಿ ನಿಂತಿರಲಿಲ್ಲ. ಆದರೆ ಲಿಂಗ ನಿಂತಿತ್ತು. ನಾನು ಬಾಗಿಲಲ್ಲೇ ಉಳಿದೆ. ಗಿರಣಿಯ ಮುಂದೆ ಜನ ಕೂಗುತ್ತಿದ್ದರು. ಅವತ್ತು ಅವಳ ಪೂಜೆ ಮುಗಿಯುವವರೆಗೆ ಮೋಟಾರು ಹಾಕಲಿಲ್ಲ.

ಅದು ಇಂಜೆಕ್ಷನ್ನಿನಿಂದಲೋ, ಮಾತ್ರೆ ಸರಿಯಾದ ಹೊತ್ತಿಗೆ ಹಿಡಿದಿದ್ದರಿಂದಲೋ, ಅವಳ ಆಸೆಯಿಂದಲೋ ಗೊತ್ತಿಲ್ಲ. ಅಂಥ ಬೆಳಿಗ್ಗೆಗಳು ಕೆಲವು ಬಂದವು. ಜಗಳೂರಿನ ಅಣ್ಣ ಬಂದು ಕಣ್ಣಾರೆ ನೋಡಿ ಅತ್ತ. ಅಯ್ಯನವರು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. ನಾವು ಮತ್ತೆ ಚನ್ನಗಿರಿಗೆ ಹೋದೆವು. ಈ ಸಲ ಬೆಂಚಿನ ಮೇಲೆ ಹೊಸಬರು ಕೇಳಿದರು, ಅವಳು ಹೇಳಿದಳು. ಕೈ ನಿಲ್ಲುತ್ತೈತೆ ನೋಡ್ರಿ ಎಂದು ಚಾಚಿ ತೋರಿಸಿದಳು. ನಿವೃತ್ತ ಮೇಷ್ಟ್ರು ಆ ದಿನ ಬಂದಿರಲಿಲ್ಲ. ಯಾಕೆ ಬಂದಿಲ್ಲ ಎಂದು ನಾವು ಯಾರನ್ನೂ ಕೇಳಲಿಲ್ಲ. ಗುಣವಾಗಿರಬೇಕು ಅಂದುಕೊಂಡೆವು.

ಎರಡನೆಯದು ಹಾಕಿಸಿಕೊಂಡು ಬಂದ ಮೇಲೆ, ಆ ತಿಂಗಳು ಮುಗಿಯುವುದರೊಳಗೆ, ಪಾದ ಜುಮ್ಮೆನ್ನುತ್ತದೆ ಎಂದಳು. ಬೆನ್ನು ನೋವು ಎಂದಳು. ಹಿತ್ತಿಲಿಗೆ ಹೋದವಳು ಹೊಸಿಲು ದಾಟಲಾರದೆ ಅಲ್ಲೇ ಕೂತಳು. ಮರುದಿನ ಕಾಲು ಎತ್ತಲಾಗಲಿಲ್ಲ. ಮೂತ್ರ ಕಟ್ಟಿತು. ಬಾಡಿಗೆ ಕಾರು ಮಾಡಿಕೊಂಡು ಹೊನ್ನಾಳಿಗೆ, ಅಲ್ಲಿಂದ ದಾವಣಗೆರೆಗೆ. ಹೊನ್ನಾಳಿಯ ಡಾಕ್ಟರು ಅವಳ ಪಾದದ ಅಡಿ ಗೀರಿ ನೋಡಿ, ನಾನು ಆಗ ಹೇಳಿದ್ದೆನಲ್ಲ, ಆ ಒಬ್ಬರು ಹೀಗೇ ಇದ್ದರು ಎಂದರು. ಆಮೇಲೆ, ಇದೇ ಕಾರಣ ಎಂದು ನಾನು ಬರೆದುಕೊಡಲಾರೆ, ಯಾರೂ ಬರೆದುಕೊಡಲಾರರು ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಚನ್ನಗಿರಿಯ ಡಾಕ್ಟರಿಗೆ ಅವಳ ಅಣ್ಣ ಹೋಗಿ ತಿಳಿಸಿದ. ಅವರು ನೊಂದುಕೊಂಡರಂತೆ. ರೋಗವೇ ಮುಂದುವರಿದು ಕಾಲಿಗೆ ಬಂದಿರಬೇಕು, ನೀವು ಇನ್ನೂ ಮೊದಲೇ ಬರಬೇಕಿತ್ತು ಎಂದರಂತೆ. ಅಣ್ಣ ಅದನ್ನು ಬಂದು ಹೇಳಿ, ತಂಗಿಯ ಮುಖ ನೋಡಲಾರದೆ ಗಿರಣಿಯ ಮುಂದಿನ ಕಟ್ಟೆಯ ಮೇಲೆ ಕೂತುಬಿಟ್ಟ. ಅವಳೇ ಒಳಗಿನಿಂದ ಕೂಗಿದಳು. "ಅಣ್ಣಾ, ಒಳಗ್ ಬಾ. ನೀನು ಹೇಳಿದ್ದಕ್ಕಲ್ಲ ನಾನು ಹೋಗಿದ್ದು. ನಂಗೇ ಬೇಕಾಗಿತ್ತು."

ದಾವಣಗೆರೆಯಿಂದ ಮನೆಗೆ ಕಳಿಸಿದ ಮೇಲೆ ಅವಳು ಏಳಲಿಲ್ಲ. ಆ ತಿಂಗಳುಗಳ ಬಗ್ಗೆ ಹೆಚ್ಚು ಬರೆಯಲು ನನಗಾಗುವುದಿಲ್ಲ. ಮೈ ಮಗ್ಗುಲಾಗಿಸುವುದು, ಬೆನ್ನಿನ ಹುಣ್ಣು ತೊಳೆಯುವುದು, ಬಟ್ಟೆ ಒಗೆಯುವುದು, ನಡುವೆ ಗಿರಣಿ. ಹಿಟ್ಟು ಮೆತ್ತಿದ ಕೈಯಲ್ಲೇ ಒಳಗೆ ಓಡುತ್ತಿದ್ದೆ. ಅವಳ ಹೊದಿಕೆಯ ಮೇಲೆಲ್ಲ ಬಿಳಿ ಬೆರಳಿನ ಗುರುತುಗಳು ಮೂಡಿರುತ್ತಿದ್ದವು. ಪೂಜೆಯ ಹೊತ್ತಿಗೆ ನಾನು ಅವಳ ಎಡಗೈಯ ಕೆಳಗೆ ನನ್ನ ಕೈ ಕೊಟ್ಟು ಹಿಡಿಯುತ್ತಿದ್ದೆ. ಅವಳ ಅಂಗೈ ಮೇಲೆ ಲಿಂಗ. ಅವಳ ನಡುಕ ನನ್ನ ಕೈಗೆ ಬಂದು ಮೊಣಕೈವರೆಗೆ ಹರಿಯುತ್ತಿತ್ತು. ಇಬ್ಬರೂ ಸೇರಿದರೆ ಲಿಂಗ ಬೀಳುತ್ತಿರಲಿಲ್ಲ. ಇಂಜೆಕ್ಷನ್ ಬೇಕೆಂದ ಕಾಲದಲ್ಲಿ ಇದು ನಮ್ಮಿಬ್ಬರಿಗೂ ಯಾಕೆ ಹೊಳೆಯಲಿಲ್ಲವೋ. ಹೊಳೆದಿದ್ದರೂ ಅವಳು ಒಪ್ಪುತ್ತಿರಲಿಲ್ಲವೇನೋ. ಅದು ಅವಳೊಬ್ಬಳ ಹೊತ್ತಾಗಿತ್ತು.

ಒಂದು ದಿನ ಹೀಗೆ ಕೈ ಹಿಡಿದು ಕೂತಿದ್ದಾಗ ಅವಳು, ಆ ಮೇಷ್ಟ್ರು ಏನಾದರು, ವಿಚಾರಿಸಿದಿರಾ ಎಂದಳು. ನನಗೆ ಥಟ್ಟನೆ ಅರ್ಥವಾಗಲಿಲ್ಲ.

"ಮೆಟ್ಟಿಲು ಹತ್ತತೀನಿ ಅಂತಿದ್ರಲ್ಲ. ಎರಡನೇ ಸಲ ಬಂದಿರಲಿಲ್ಲ. ಗುಣ ಆಗೈತೆ ಅಂದ್ಕಂಡ್ವಿ. ಈಗ ನಾವು ಹೋಗದಿದ್ರೆ ಅಲ್ಲಿರೋರೂ ಹಂಗೇ ಅಂದ್ಕಂತಾರೆ. ನ್ಯಾಮತಿಯಾಕೆ ಕೈ ನಿಂತಿತ್ತು, ಗುಣ ಆಗಿ ಮನೇಲಿದಾಳೆ ಅಂತಾರೆ. ನನ್ನ ಕೈ ನೋಡಿ ಹಾಕಿಸ್ಕಂಡೋರು ಇರ್ತಾರೆ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡು ಹೇಳಿದಳು, "ನೀವು ಒಂದ್ಸಲ ಹೋಗಿ ಆ ಬೆಂಚಿನ ಮ್ಯಾಲೆ ಕೂತು ಬರ್ರಿ."

ಹೋಗುತ್ತೇನೆ ಎಂದೆ. ಅವಳನ್ನು ಬಿಟ್ಟು ಹೋಗುವುದಾಗಲಿಲ್ಲ. ಅವಳು ಮತ್ತೆ ಕೇಳಿದಳು, ಮತ್ತೆ ಹೋಗುತ್ತೇನೆ ಎಂದೆ. ಮಳೆಗಾಲ ಹಿಡಿಯುವ ಹೊತ್ತಿಗೆ ಕಫ ಕಟ್ಟಿತು. ಜ್ವರ ಇಳಿಯಲಿಲ್ಲ. ಒಂದು ಬೆಳಿಗ್ಗೆ ಪೂಜೆಗೆ ಅವಳ ಕೈ ಎತ್ತಿಕೊಂಡೆ. ನನ್ನ ಕೈಗೆ ನಡುಕ ಬರಲಿಲ್ಲ.

ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ಅಯ್ಯನವರು ಕೊರಳಿನ ಲಿಂಗ ಬಿಚ್ಚಿ ಅವಳ ಎಡ ಅಂಗೈಯಲ್ಲಿಟ್ಟರು. ಅದು ಹಾಗೇ ನಿಂತಿತ್ತು. ಅವರು ನನ್ನ ಮುಖ ನೋಡಲಿಲ್ಲ, ನಾನು ಅವರ ಮುಖ ನೋಡಲಿಲ್ಲ. ಅವಳ ಅಣ್ಣ ಮೊದಲ ಹಿಡಿ ಮಣ್ಣು ಹಾಕಲಾರದೆ ಹಿಂದೆ ಸರಿದ.

ಕಾರ್ಯವೆಲ್ಲ ಮುಗಿದ ಮೇಲೆ, ಚನ್ನಗಿರಿಗೆ ಡಾಕ್ಟರು ಬರುವ ದಿನ ನೋಡಿಕೊಂಡು ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಜಾಗ ಖಾಲಿಯಿತ್ತು. ಅಲ್ಲಿ ಕೂರಲು ಮನಸ್ಸಾಗದೆ ಹಿಂದೆ ಹೋಗಿ ಕೂತೆ.

ಬೆಂಚಿನ ಮೇಲೆ ಇದ್ದವರು ಒಬ್ಬರೂ ನನಗೆ ಗುರುತಿನವರಲ್ಲ. ಕೊನೆಯಲ್ಲಿ ಸ್ವಲ್ಪ ಜಾಗವಿತ್ತು, ಕೂತೆ. ಅದೇ ನಗು, ಅದೇ ಹುಲ್ಲಿನ ಮಾತು, ಬೇರೆ ಬಾಯಲ್ಲಿ. ಪಕ್ಕದ ಮುದುಕರು, ಕೋಲಿನ ಮೇಲೆ ಎರಡೂ ಕೈಯಿಟ್ಟುಕೊಂಡು ಬೆರಳಾಡಿಸುತ್ತಿದ್ದವರು, ನಿಮ್ಮದು ಎಷ್ಟನೇ ಸಲ ಎಂದು ವಿಚಾರಿಸಿದರು.

"ನಾನು ಹಾಕಿಸ್ಕಳಾಕೆ ಬಂದಿಲ್ರಿ. ನನ್ನ ಹೆಂಡ್ತಿ ಇಲ್ಲಿ ಕೂರ್ತಿದ್ಲು. ಎರಡನೇದು ಆದಮ್ಯಾಲೆ ಕಾಲು ಹೋದ್ವು. ಈಗ ತೀರಿಕೊಂಡ್ಲು. ಅದನ್ನ ಹೇಳಾಕೆ ಬಂದೀನಿ" ಎಂದೆ.

ಕಾಂಪೌಂಡರ್ ಪರದೆಯ ಹತ್ತಿರ ನಿಂತು ನನ್ನನ್ನೇ ನೋಡಿದ. ಮುದುಕರು ನನ್ನ ಕೊರಳಿನ ಲಿಂಗದ ದಾರ ನೋಡಿದರು.

"ನೀವು ಲಿಂಗ ಕಟ್ಟಿದೋರು. ಅಯ್ನೋರ್ನ ಕೇಳಿ ಹಾಕಿಸಿದ್ರಾ?"

"ಕೇಳಿದ್ವಿ. ಅಡ್ಡಿಯಿಲ್ಲ ಅಂದ್ರು."

"ಮತ್ತೆ ಹೆಂಗಾತು? ಮನೆಯಾಗೆ ಏನಾದ್ರೂ ಅಪಚಾರ ಆಗಿತ್ತಾ? ಲಿಂಗ ಏನಾದ್ರೂ ಬಿದ್ದಿತ್ತಾ?"

ಬಿದ್ದಿತ್ತು ಎಂದೆ. ಸುಳ್ಳು ಹೇಳಲಾಗಲಿಲ್ಲ. ಅದು ಬಿದ್ದಿದ್ದಕ್ಕೇ ಇಲ್ಲಿಗೆ ಬಂದಿದ್ದೆವು ಎಂದೂ ಹೇಳಿದೆ. ಅಷ್ಟರಲ್ಲಿ ಅವರು ತಲೆಯಾಡಿಸಿ, "ಅದೇ ನೋಡ್ರಿ" ಎಂದಿದ್ದರು. ಬೆಂಚಿನ ಉದ್ದಕ್ಕೂ 'ಅದೇ, ಅದೇ' ಎಂದು ಸಣ್ಣಗೆ ಹರಿದು ಹೋಯಿತು. ಎಲ್ಲರ ಮುಖದಲ್ಲೂ ಒಂದು ಬಿಗಿ ಸಡಿಲಿತು. ಅಯ್ಯನವರ ಮಾತು ಕೇಳಿ ನಾವು ಹಗುರಾಗಿದ್ದೆವಲ್ಲ, ಅಂಥದೇ. ಅವರ ಮೇಲೆ ಸಿಟ್ಟು ಬರಲಿಲ್ಲ. ಎದ್ದು ಹೋಗೋಣ ಎನಿಸಿತು. ಹೇಳಿದ್ದಾಯಿತು, ಇನ್ನೇನು.

ಆಚೆ ತುದಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಪಕ್ಕದಲ್ಲಿ ಅವಳ ಗಂಡ. ಅವನ ಬಾಯಿ ಒಂದು ಕಡೆ ವಾರೆಯಾಗಿತ್ತು, ಬಲಗೈ ಮಡಿಲಲ್ಲಿ ಸತ್ತಂತೆ ಬಿದ್ದಿತ್ತು. ಅವಳು ಸೆರಗಿನ ತುದಿಯಿಂದ ಅವನ ತುಟಿ ಒರೆಸಿ, ಎದ್ದು ನನ್ನ ಹತ್ತಿರ ಬಂದಳು. ಮುದುಕರಿಗೆ ಸ್ವಲ್ಪ ಸರೀರಿ ಎಂದು ಹೇಳಿ ಅಲ್ಲಿ ಕೂತಳು.

"ಲಿಂಗದ್ದು ನಂಗೆ ಗೊತ್ತಾಗಲ್ಲಣ್ಣಾರೆ, ನಾವು ಬ್ಯಾರೆ ಜನ. ಕಾಲಿಂದು ಹೇಳ್ರಿ. ಮೊದಲು ಏನಾತು? ಎಷ್ಟು ದಿನಕ್ಕಾತು?"

ನಾನು ಪಾದ ಜುಮ್ಮೆಂದದ್ದರಿಂದ ಶುರು ಮಾಡಿದೆ. ಅವಳು ನಡುನಡುವೆ ನಿಲ್ಲಿಸಿ ಕೇಳಿದಳು. ಜ್ವರ ಬಂದಿತ್ತಾ, ಬೆನ್ನು ಎಲ್ಲಿ ನೋಯುತ್ತಿತ್ತು, ಹೊನ್ನಾಳಿಯ ಡಾಕ್ಟರು ಏನೆಂದರು. ಜಗಳೂರಿನ ಹಟ್ಟಿಯಲ್ಲಿ ಕೇಳಿದ್ದನ್ನೂ ಹೇಳಿದೆ. ಕೆಮ್ಮುವ ಕುರಿ, ಕುಂಟುವ ಕುರಿ. ಅದನ್ನು ಬಾಯಿಬಿಟ್ಟು ಹೇಳಿದ್ದು ನಾನು ಅದೇ ಮೊದಲು. ಮುದುಕರು ಕಿಟಕಿಯ ಕಡೆ ನೋಡುತ್ತಿದ್ದರು, ಆದರೆ ಕೋಲಿನ ಮೇಲೆ ಬೆರಳಾಡಿಸುವುದನ್ನು ನಿಲ್ಲಿಸಿದ್ದರು.

ಕಾಂಪೌಂಡರ್ ಬಂದು ಆ ಹೆಂಗಸನ್ನು ಕರೆದ. ನಿಮ್ಮ ಸರದಿ ಎಂದ.

"ಮುಂದಿನೋರನ್ನ ಕರೀರಿ. ಇವರದು ಇನ್ನೂ ಮುಗಿದಿಲ್ಲ" ಎಂದಳು.

ಮುಂದಿನವರು ಎದ್ದು ಒಳಗೆ ಹೋದರು. ಅವಳ ಗಂಡ ಆಚೆ ತುದಿಯಿಂದ ನಮ್ಮ ಕಡೆಯೇ ನೋಡುತ್ತಿದ್ದ. ನಾನು ಎಲ್ಲಿಗೆ ಬಿಟ್ಟಿದ್ದೆನೋ ಅಲ್ಲಿಂದ ಮತ್ತೆ ಹೇಳಿದೆ, ಮಳೆಗಾಲದವರೆಗೆ. ಆಮೇಲೆ ಅವರು ಒಳಗೆ ಹೋದರೋ ಮನೆಗೆ ಹೋದರೋ ನನಗೆ ತಿಳಿಯದು. ನನ್ನ ಬಸ್ಸಿಗೆ ಹೊತ್ತಾಗಿತ್ತು.